ಊಟ ಸಿಗುವುದಿಲ್ಲ ಎಂಬ ಫಲಕ

ಬಾದಾಮಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಬೇವಿನ ಮರಗಳ ಮರೆಯಲ್ಲಿ ನೀಲಗಂಗವ್ವನ ಖಾನಾವಳಿ. ರಸ್ತೆ ಬದಿಯ ‘ಇಲ್ಲಿ ಊಟ ಸಿಗುತ್ತದೆ’ ಎಂಬ ಫಲಕ ನೋಡಿಯೇ ಪ್ರವಾಸಿಗರು ಬರುತ್ತಿದ್ದರು. ಫಲಕ ಹೋದರೆ ಒಲೆ ಆರಿದಂತೆಯೇ.

ಒಂದು ದಿನ ರಸ್ತೆ ಇಲಾಖೆಯ ಸಾಹೇಬರೊಬ್ಬರು ಜೀಪಿನಿಂದ ಇಳಿದರು. ಕೈಯಲ್ಲಿ ಹೊಸ ಕಾನೂನಿನ ಪುಸ್ತಕ.

“ನೋಡಮ್ಮಾ, ಇಂಥದ್ದು ಸಿಗುತ್ತದೆ ಅಂತ ರಸ್ತೆ ಬದಿ ಬರೆದರೆ ಅದು ಜಾಹೀರಾತು. ಪ್ರವಾಸಿಗರಿಗೆ ಎಚ್ಚರಿಕೆ ಹೇಳುವ ಫಲಕ ಮಾತ್ರ ಇರಬಹುದು. ನಾಳೆ ಬಂದು ಇದನ್ನು ಕಿತ್ತೊಯ್ಯುತ್ತೇನೆ.”

“ಆಗಲಿರಿ, ಸಾಹೇಬ್ರ” ಎಂದಳು ನೀಲಗಂಗವ್ವ. ಶಿವನ ಪಟಕ್ಕೆ ಕೈಮುಗಿದು ಬಣ್ಣದ ಡಬ್ಬಿ ತೆಗೆದಳು.

ಮರುದಿನ ಮಧ್ಯಾಹ್ನ ಸಾಹೇಬರು ಬಂದರೆ ಫಲಕ ಅಲ್ಲೇ ಇತ್ತು. ಬರಹ ಮಾತ್ರ ಬೇರೆ: ‘ಎಚ್ಚರಿಕೆ! ಇಲ್ಲಿಂದ ಮುಂದೆ ಹತ್ತು ಮೈಲಿ ಊಟ ಸಿಗುವುದಿಲ್ಲ.’

“ಇದೂ ಜಾಹೀರಾತೇ!”

“ಹೆಂಗ್ರೀ? ಸಿಗತೈತಿ ಅಂದ್ರ ಜಾಹೀರಾತು ಅಂದ್ರಿ. ನಾ ಸಿಗಂಗಿಲ್ಲ ಅಂತ ಬರದೀನಿ.”

“ಅಂದರೆ ಇಲ್ಲಿ ಸಿಗುತ್ತದೆ ಅಂತ ಅರ್ಥ!”

“ಹಂಗಂತ ಎಲ್ಲಿ ಬರದೀನ್ರಿ? ಓದಿ ತೋರಸ್ರಿ.”

ಸಾಹೇಬರು ಫಲಕ ಓದಿದರು. ಪುಸ್ತಕ ಓದಿದರು. ಮತ್ತೆ ಫಲಕ ಓದಿದರು. ‘ಸಿಗುತ್ತದೆ’ ಎಂದವರಿಗೆ ದಂಡವಿತ್ತು. ‘ಸಿಗುವುದಿಲ್ಲ’ ಎಂದವರಿಗೆ ಏನೆಂದು ಯಾವ ಪುಟದಲ್ಲೂ ಇರಲಿಲ್ಲ. ಟೋಪಿ ತೆಗೆದು ತಲೆ ಕೆರೆದುಕೊಂಡರು.

“ಇದು ಸುಳ್ಳಾದರೆ?”

“ಹತ್ತು ಮೈಲಿ ಹೋಗಿ ನೋಡಿ ಬರ್ರಿ.”

ಅಷ್ಟರಲ್ಲಿ ಜೀಪಿನ ಡ್ರೈವರ್ ಖಾನಾವಳಿಯ ಮುಂದೆ ಕೈಕಾಲು ತೊಳೆಯುತ್ತಿದ್ದ.

“ಏಯ್, ಎಲ್ಲಿಗೋ?”

“ಎಚ್ಚರಿಕೆ ಫಲಕ ಓದೀನ್ರಿ, ಸಾಹೇಬ್ರ. ಕಾನೂನು ಪಾಲಿಸಬೇಕಲ್ರೀ!”