ನೀರಿನಡಿ ಹೋದ ಮೂವತ್ತು

ಬೋಳುಗುಡ್ಡದ ಮೇಲೆ ಚೌಡಾರ್ಯರ ಆಶ್ರಮ. ಅಲ್ಲಿದ್ದವರಿಗೆಲ್ಲ ಒಂದೇ ಕೊಳ.

ಕೊಳದೊಳಗೆ ಒಂದು ಕಲ್ಲುಕಂಬವಿತ್ತು. ಒಳ್ಳೆಯ ಕಾಲದಲ್ಲಿ ನೀರು ನಿಲ್ಲುತ್ತಿದ್ದ ಜಾಗದಲ್ಲಿ ಗುರುಗಳು ಸೊನ್ನೆ ಕೆತ್ತಿಸಿದ್ದರು. ಅದರ ಮೇಲೂ ಕೆಳಗೂ ಬೆರಳಗಲಕ್ಕೊಂದು ಗೆರೆ, ಗೆರೆಗೊಂದು ಅಂಕಿ. ಮೇಲಿನವು ಧನ, ಕೆಳಗಿನವು ಋಣ.

ಆ ವರ್ಷ ಮಳೆ ಕೈಕೊಟ್ಟಿತು. ನೀರು ದಿನದಿನವೂ ಇಳಿಯಿತು. ಕೊಳದ ತಳದ ಒರತೆಯ ಬಾಯಿ ಕಟ್ಟಿಕೊಂಡಿರಬೇಕೆಂದು ಶಿಷ್ಯರು ಹೂಳು ತೆಗೆದರು. ನೀರು ಉಕ್ಕುವುದು ಮಾತ್ರ ಕಾಣಲಿಲ್ಲ.

"ನಾಳೆಯೂ ಇಳಿದರೆ ಆಶ್ರಮ ಮುಚ್ಚೋಣ" ಎಂದರು ಗುರುಗಳು.

ಬೆಳಗ್ಗೆ ಕಂಬ ನೋಡಿ ಬಂದವನು ಹೊಸ ಶಿಷ್ಯ ಕೇತಯ್ಯ. ಅವನ ಮುಖ ಬಾಡಿತ್ತು.

"ನಿನ್ನೆ ಮೂವತ್ತಿತ್ತು ಗುರುಗಳೇ. ಇವತ್ತು ಇಪ್ಪತ್ತೇಳಕ್ಕೆ ಇಳಿದಿದೆ."

ಅಡುಗೆ ನೋಡಿಕೊಳ್ಳುತ್ತಿದ್ದ ಹಿರಿಯ ಶಿಷ್ಯೆ ನಾಗಲೆ ಪಾತ್ರೆಗಳನ್ನು ಗಂಟು ಕಟ್ಟತೊಡಗಿದಳು. ಉಳಿದವರು ಚಾಪೆ ಸುತ್ತಿದರು.

"ಯಾವ ಇಪ್ಪತ್ತೇಳು?" ಗುರುಗಳು ಕೇಳಿದರು.

"ಸೊನ್ನೆಯ ಕೆಳಗಿನದು."

ಗುರುಗಳು ತಟ್ಟನೆ ಎದ್ದರು. "ನಿನ್ನೆಯ ಮೂವತ್ತನ್ನು ನನಗೂ ತೋರಿಸು, ಬಾ."

ಇಬ್ಬರೂ ನೀರಿಗಿಳಿದು ಕಂಬದ ಬಳಿ ಹೋದರು. ಕೇತಯ್ಯ ಬಗ್ಗಿ ನೋಡಿದ. ಮೂವತ್ತು ಕಾಣಲಿಲ್ಲ.

"ಇಲ್ಲೇ ಇತ್ತಲ್ಲ."

"ಹುಡುಕು."

ಅವನು ನೀರಿನೊಳಗೆ ಕೈ ಹಾಕಿ ಕಲ್ಲು ತಡವಿದ. ಕೆತ್ತಿದ ಅಂಕಿ ಬೆರಳಿಗೆ ಸಿಕ್ಕಿತು.

"ಸಿಕ್ಕಿತು ಗುರುಗಳೇ. ನೀರಿನಡಿ ಇದೆ."

ಹಾಗೆಂದವನು ಆ ಅಂಕಿಯನ್ನು ಮತ್ತೊಮ್ಮೆ ಬೆರಳಿಂದ ಮುಟ್ಟಿ ನೋಡಿದ.

"ಈಗ ಹೇಳು. ಋಣ ಮೂವತ್ತು ದೊಡ್ಡದೋ, ಋಣ ಇಪ್ಪತ್ತೇಳೋ?"

ಕೇತಯ್ಯ ಕಂಬವನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. "ಇಪ್ಪತ್ತೇಳು ಮೇಲಿದೆ. ಸೊನ್ನೆಗೆ ಹತ್ತಿರ ಬಂದಿದೆ. ಅದೇ ದೊಡ್ಡದು." ಗುರುಗಳ ಕಡೆ ತಿರುಗಿದ. "ಅಂಕಿ ನೋಡಿ ಮೋಸಹೋದೆ. ನೀರು ಇಳಿದಿಲ್ಲ. ಏರಿದೆ."

"ಹೋಗಿ ಅವರಿಗೆ ಹೇಳು."

ಅವನು ಒದ್ದೆ ಬಟ್ಟೆಯಲ್ಲೇ ಓಡಿದ. "ನಾಗಲಕ್ಕ, ಗಂಟು ಬಿಚ್ಚಿ. ಒರತೆ ಬಾಯಿ ಬಿಟ್ಟಿದೆ."

ನಾಗಲೆ ನಂಬಲಿಲ್ಲ. ತಾನೇ ಬಂದು ನೀರೊಳಗಿನ ಮೂವತ್ತನ್ನು ತಡವಿ ನೋಡಿದಳು. ಆಮೇಲೆ ನಗತೊಡಗಿದವಳು ನಿಲ್ಲಿಸಲೇ ಇಲ್ಲ. ಯಾರೋ ಯಾರಿಗೋ ನೀರೆರಚಿದರು. ಚಾಪೆ ಸುತ್ತಿದವರೆಲ್ಲ ಕೊಳದಲ್ಲಿದ್ದರು. ಗುರುಗಳ ಗಡ್ಡದಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

ಕೇತಯ್ಯನಿಗೆ ಮಾತ್ರ ಒಂದು ಅನುಮಾನ ಉಳಿಯಿತು.

"ಗುರುಗಳೇ, ಎಷ್ಟು ಏರಿದರೂ ಇದು ಇನ್ನೂ ಸೊನ್ನೆಗಿಂತ ಕಡಿಮೆಯೇ. ಇಷ್ಟಕ್ಕೇ ಇಷ್ಟು ಸಂತೋಷಪಡಬಹುದೇ?"

ಗುರುಗಳು ಒರತೆಯ ಕಡೆಯಿಂದ ಬೊಗಸೆ ತುಂಬ ತಿಳಿನೀರು ತೆಗೆದು ಅವನ ಕೈಗೆ ಸುರಿದರು.

"ಕುಡಿದು ನೋಡು. ಕಡಿಮೆ ಅನ್ನುವ ರುಚಿ ಸಿಕ್ಕಿದರೆ ನನಗೂ ಹೇಳು."