ಕಾಸಗಲದ ಬೋಳು ಜಾಗ

ಹಳೇ ಲಾರಿಯೊಂದರ ಎಂಜಿನ್ ಗೂಡನ್ನು ಮೂರು ದಿನ ಉಜ್ಜಿ, ಜಿಡ್ಡು ತುಕ್ಕೆಲ್ಲ ಕಿತ್ತು, ಅರ್ಧ ಹಲ್ಲು ಉದುರಿಸಿಕೊಂಡ ತಂತಿ ಬ್ರಷ್ಷು ಮೂಲೆಯಲ್ಲಿ ಬಿದ್ದಿತ್ತು. ನಾಲ್ಕನೇ ದಿನ ಹೊಸ ಪೇಂಟ್ ಬ್ರಷ್ಷು ಹಸಿರು ಬಣ್ಣದಲ್ಲಿ ಮಿಂದು ಬಂತು.

ಬ್ಯಾಟರಿಯನ್ನು ಲಾರಿಯ ಮೈಗೆ ಜೋಡಿಸುವ ಅರ್ತ್ ವೈರನ್ನು ಬಿಚ್ಚಿಟ್ಟಿದ್ದರು. ಅದು ಬೇಡಿಕೊಂಡಿತು: "ಅಣ್ಣಾ, ನಾನು ಕೂರುವ ಜಾಗಕ್ಕೆ ಬಣ್ಣ ಬೇಡ. ಬ್ಯಾಟರಿಯ ಕರೆಂಟು ಹರಿಯಬೇಕಾದರೆ ನನಗೆ ಬರೀ ಕಬ್ಬಿಣವೇ ತಾಗಬೇಕು."

"ನಾನು ಕಾಲಿಟ್ಟ ಕಡೆ ಬೋಳು ಜಾಗ ಉಳಿಯಕೂಡದು," ಎಂದ ಪೇಂಟ್ ಬ್ರಷ್ಷು ಬೇಕೆಂದೇ ಅಲ್ಲಿಗೆ ಎರಡು ಕೋಟು ಹೆಚ್ಚು ಬಳಿಯಿತು.

ತಂತಿ ಬ್ರಷ್ಷಿಗೆ ಮೈಯೆಲ್ಲ ಉರಿದುಹೋಯಿತು. "ಎಲವೋ, ಉಜ್ಜಿದವರನ್ನು ಒಂದು ಮಾತು ಕೇಳಿದೆಯಾ?"

"ಹಲ್ಲುದುರಿದವರ ಮಾತು ಯಾರಿಗೆ ಬೇಕು?"

ಬಣ್ಣ ಒಣಗಿತು. ವೈರನ್ನು ಅದರ ಮೇಲೆಯೇ ಬಿಗಿದರು. ಡ್ರೈವರ್ ದ್ಯಾವಪ್ಪ ಕೀ ತಿರುಗಿಸಿದರೆ ಟಕ್ ಎಂದಿತು, ಅಷ್ಟೇ. "ಹಾಳು ಬ್ಯಾಟರಿ!" ಎಂದು ಅದರ ತಲೆಗೆ ಗುದ್ದಿದ. ತಪ್ಪೇ ಮಾಡದ ಬ್ಯಾಟರಿ ಬೈಸಿಕೊಳ್ಳುತ್ತಿದ್ದರೂ ಪೇಂಟ್ ಬ್ರಷ್ಷು ತನ್ನ ಹಸಿರನ್ನೇ ನೋಡಿಕೊಂಡು ಹಿಗ್ಗುತ್ತಿತ್ತು. ಹತ್ತು ಸಲ ಕೀ ತಿರುಗಿಸಿದ ಮೇಲೆ ವೈರುಗಳನ್ನು ಮುಟ್ಟಿ ನೋಡಹೋದರೆ, ಬಣ್ಣ ಅಡ್ಡ ಬಂದು ಕಾದು ಕೂತಿದ್ದ ಅರ್ತ್ ವೈರು ಅವನ ಬೆರಳು ಸುಟ್ಟಿತು. ತಪ್ಪು ಎಲ್ಲಿದೆಯೆಂದು ದ್ಯಾವಪ್ಪನಿಗೆ ಆಗ ಗೊತ್ತಾಯಿತು. ವೈರು ಬಿಚ್ಚಿ, ತಂತಿ ಬ್ರಷ್ಷನ್ನು ಎತ್ತಿಕೊಂಡ. ಅದು ಉಳಿದ ಹಲ್ಲುಗಳಿಂದಲೇ ಸಿಟ್ಟೆಲ್ಲ ತೀರುವ ಹಾಗೆ ಅಲ್ಲಿನ ಬಣ್ಣ ಕೆರೆಯಿತು. ದ್ಯಾವಪ್ಪ ವೈರನ್ನು ಮತ್ತೆ ಬಿಗಿದು ಕೀ ತಿರುಗಿಸಿದ.

ಎಂಜಿನ್ ಗುಡುಗಿತು.

"ನನ್ನ ಹಸಿರು ಹಾಳು ಮಾಡಿದೆಯಲ್ಲೋ!" ಎಂದು ಪೇಂಟ್ ಬ್ರಷ್ಷು ಚೀರಿತು.

"ನಿನ್ನ ಹಸಿರು ಹೊದ್ದುಕೊಂಡು ಲಾರಿ ಚೆಂದಾಗಿ ನಿಂತಿತ್ತು ಕಣೋ," ಎಂದಿತು ತಂತಿ ಬ್ರಷ್ಷು. "ಓಡುತ್ತಿರುವುದು ಈ ಕಾಸಗಲದ ಬೋಳು ಜಾಗದಿಂದ."