ಹಿತ್ತಾಳೆಯ ದಂಡು

"ಗುರುಗಳೇ, ನನಗೆ ದೀಕ್ಷೆ ಕೊಡಲು ಇನ್ನೂ ಏಕೆ ತಡ ಮಾಡುತ್ತಿದ್ದೀರಿ?" ಎಂದು ಶಿಷ್ಯ ಚನ್ನವೀರ ಕೇಳಿದ. "ಮನೆ ಬಿಟ್ಟು ಬಂದಾಗಿದೆ. ಹೆಂಡತಿಯೂ ಒಪ್ಪಿದ್ದಾಳೆ. ಒಂದು ಎದುರು ಮಾತೂ ಆಡಲಿಲ್ಲ."

ಗುರುಗಳು ಅವನನ್ನೇ ನೋಡಿ ಕತೆ ಶುರು ಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಒಂದೇ ಹುಚ್ಚು. ಹಿಂದಿನ ಕಾಲದ ರಾಜರ ಯುದ್ಧಗಳನ್ನು ಮೇಜಿನ ಮೇಲೆ ಮತ್ತೆ ಆಡುವುದು. ಹೆಬ್ಬೆರಳಿನಷ್ಟು ಎತ್ತರದ ಹಿತ್ತಾಳೆಯ ಕಾಲಾಳು, ಕುದುರೆ, ಆನೆ, ದವಸದ ಬಂಡಿಗಳನ್ನು ಮಾಡಿಸಿ ಬಣ್ಣ ಬಳಿದು ಇಟ್ಟಿದ್ದ. ಮರಳು ಸುರಿದರೆ ಬೆಟ್ಟ, ನೀಲಿ ಬಟ್ಟೆ ಹಾಸಿದರೆ ಹೊಳೆ. ದಾಳ ಉರುಳಿಸಿ ದಂಡು ನಡೆಸಬೇಕು. ಸೋತವರು ಗೆದ್ದವರ ಒಂದು ಮಾತು ನಡೆಸಿಕೊಡಬೇಕು. ಈ ಕಟ್ಟಳೆ ಮಾಡಿದವನೂ ಅವನೇ, ಸದಾ ಗೆಲ್ಲುತ್ತಿದ್ದವನೂ ಅವನೇ. ಹಾಗಾಗಿ ಕಟ್ಟಳೆ ಅವನಿಗೆ ಬಲು ಇಷ್ಟ.

ಅವನು ದೂರದ ಬಂದರಿಗೆ ಮನೆ ಬದಲಿಸಲು ಹೊರಟಿದ್ದ. ಸಾಮಾನೆಲ್ಲ ಕಟ್ಟಿಯಾಗಿತ್ತು, ಮೇಜೊಂದು ಉಳಿದಿತ್ತು. ಕೊನೆಯ ಆಟಕ್ಕೆ, ಸದಾ ಜೊತೆಗೆ ಆಡುತ್ತಿದ್ದ ಗೆಳೆಯ ಬರಲಿಲ್ಲ. ವ್ಯಾಪಾರಿ ಹೆಂಡತಿಯನ್ನು ಕರೆದ.

"ಬಾ, ಕಲಿಸುತ್ತೇನೆ. ಅಲ್ಲಿ ನನಗೆ ಆಡಲು ಜೊತೆಯಾದರೂ ಆಗುತ್ತದೆ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಕುದುರೆ ಎಷ್ಟು ದೂರ ಹೋಗುತ್ತದೆ, ಆನೆ ಎಷ್ಟು ದೂರ ಎಂದು ಅವನು ಹೇಳಿಕೊಟ್ಟ. ದವಸದ ಬಂಡಿ ಶತ್ರುವಿನ ಕೈಸೇರಿದರೆ ಪ್ರತಿ ನಡೆಗೂ ಒಂದು ಸಾಲು ಸೈನ್ಯ ಬಿದ್ದಂತೆ ಎಂಬುದನ್ನೂ ಹೇಳಿದ. "ಅದನ್ನೆಲ್ಲ ಯಾರು ನೋಡುತ್ತಾರೆ, ಬಿಡು" ಎಂದ.

ಅವನು ಆನೆಗಳನ್ನು ಮುಂದೆ ನುಗ್ಗಿಸಿದ. "ಈಗ ನಿನ್ನ ಸರದಿ" ಎಂದ. ಅವಳು ನಾಲ್ಕಾರು ಕುದುರೆಗಳನ್ನು ಬೆಟ್ಟದ ಹಿಂದಕ್ಕೆ ಸರಿಸಿದಳು. ಹೆದರಿ ಓಡಿಸುತ್ತಿದ್ದಾಳೆ ಎಂದುಕೊಂಡ. ಅವನಿಗೆ ಅಯ್ಯೋ ಪಾಪ ಎನಿಸಿತು. ಅವನ ದಂಡು ಪೂರಾ ಹೊಳೆ ದಾಟಿದ ಮೇಲೆ ಆ ಕುದುರೆಗಳು ಬೆಟ್ಟ ಸುತ್ತಿ ಬಂದು ಅವನ ದವಸದ ಬಂಡಿಗಳನ್ನು ಹಿಡಿದವು. ಅಲ್ಲಿ ಒಬ್ಬ ಕಾವಲಿನವನೂ ಇರಲಿಲ್ಲ. ಊಟ ಎಲ್ಲಿಂದ ಬರುತ್ತದೆ ಎಂದು ಎಂದೂ ಯೋಚಿಸದವನು ಕಾವಲು ಏಕೆ ಇಡುತ್ತಾನೆ? ಸಾಲು ಸಾಲಾಗಿ ಅವನ ಸೈನ್ಯವೆಲ್ಲ ಬಿತ್ತು.

ವ್ಯಾಪಾರಿ ಬೆಪ್ಪಾಗಿ ಕೂತ. ಆದರೂ ಮಾತಿಗೆ ತಪ್ಪುವವನಲ್ಲ. "ಏನು ಬೇಕೋ ಕೇಳು" ಎಂದ. ಸೀರೆಯನ್ನೋ ಬಳೆಯನ್ನೋ ಕೇಳಿಯಾಳು ಎಂದುಕೊಂಡಿದ್ದ.

"ಬಂದರಿಗೆ ನೀವು ಹೋಗಿ. ನಾನು ಬರುವುದಿಲ್ಲ" ಎಂದಳು.

ಅವಳಿಲ್ಲದ ಮನೆಯನ್ನು ವ್ಯಾಪಾರಿ ಒಂದು ದಿನವೂ ಕಂಡವನಲ್ಲ.

"ಇಷ್ಟು ದಿನ ಸುಮ್ಮನಿದ್ದೆಯಲ್ಲ. ಬೇಡ ಎಂದು ಮೊದಲೇ ಹೇಳಬಾರದಿತ್ತೇ?"

"ಹೊರಡೋಣವೇ ಎಂದು ನೀವು ಕೇಳಲಿಲ್ಲ, ಹೊರಡುತ್ತೇವೆ ಎಂದಿರಿ. ನಿನ್ನ ಸರದಿ ಅಂತ ನೀವು ನನಗೆ ಹೇಳಿದ್ದು ಇವತ್ತೇ ಮೊದಲು."

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಚನ್ನವೀರನ ಮುಖ ಬಿಳಿಚಿಕೊಂಡಿತ್ತು. "ಆಮೇಲೆ ಅವನು ಏನು ಮಾಡಿದ, ಗುರುಗಳೇ?" ಎಂದ.

"ಅವನದಿರಲಿ. ನೀನು ಊರಿಗೆ ಹೋಗಿ, ಹೊರಡಲೇ ಎಂದು ಹೆಂಡತಿಯನ್ನು ಕೇಳು. ಬೇಡ ಎಂದಳೋ, ಇಲ್ಲಿಗೆ ಮರಳಿ ಬರಬೇಡ."

ಚನ್ನವೀರ ಎದ್ದು ಊರಿನ ದಾರಿ ಹಿಡಿದ.